ಮನೆಗಿಂತ ಒಂದು ಸ್ಟೇಷನ್ ಮೊದಲೇ ಇಳಿಯಿರಿ: ಒತ್ತಡವನ್ನು ಮೈಯಿಂದ ಇಳಿಸುವ ಬಗೆ

ಮಾರ್ಚ್ ಕೊನೆಯ ವಾರ ಅಂದರೆ ಸಾಕು, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಮುಂದಿನದು ಹೇಳಬೇಕಿಲ್ಲ. ಎರಡು ವರ್ಷದ ಹಿಂದೆ ಅಂಥದೇ ಒಂದು ವಾರದಲ್ಲಿ ನನಗೆ ದವಡೆ ನೋವು ಶುರುವಾಯಿತು. ದಂತವೈದ್ಯರು ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ನೋಡಿ, “ಹುಳುಕೇನೂ ಇಲ್ಲ ಮೇಡಂ. ರಾತ್ರಿ ಹಲ್ಲು ಕಡೀತೀರಾ? ಅಂಚೆಲ್ಲ ಸವೆದಿದೆ” ಎಂದರು. ಇಲ್ಲವಲ್ಲ ಎಂದೆ. ಮನೆಗೆ ಬಂದು ಯಜಮಾನರನ್ನು ಕೇಳಿದರೆ, “ದಿನಾ ಕಟಕಟ ಅಂತ ಕೇಳಿಸ್ತಿತ್ತು ಕಣೇ, ಅಟ್ಟದ ಮೇಲೆ ಇಲಿ ಬಂದಿದೆ ಅಂದ್ಕೊಂಡಿದ್ದೆ” ಎಂದರು.

ಒತ್ತಡ ತಲೆಯೊಳಗಿನ ಸಂಗತಿ ಎಂದು ನಂಬಿಕೊಂಡಿದ್ದ ನನಗೆ, ಅದು ದವಡೆಯಲ್ಲಿ ಬಿಡಾರ ಹೂಡಿದೆ ಎಂದು ತಿಳಿದದ್ದು ಹಾಗೆ. ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮನೆ ಹತ್ತಿರದ ಜಿಮ್ಮಿಗೆ ಇಡೀ ವರ್ಷದ ದುಡ್ಡು ಕಟ್ಟಿದೆ. ಹೋದದ್ದು ಹನ್ನೊಂದು ದಿನ. ಈಗ ಮಾಡುತ್ತಿರುವುದಕ್ಕೆ ಖರ್ಚಿಲ್ಲ, ಆದರೆ ಒಂದು ಕ್ರಮ ಇದೆ. ಅದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು, ಮೈಯಲ್ಲಿ ಆಗುವುದೇನು

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ನಿಂತಿದೆ. ಮೀಟಿಂಗಿಗೆ ಹತ್ತು ನಿಮಿಷ ಉಳಿದಿದೆ, ಮ್ಯಾನೇಜರ್ ಫೋನು ಬರುತ್ತಿದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನು ಬಿಡುತ್ತವೆ, ಅದರ ಬೆನ್ನಿಗೇ ಕಾರ್ಟಿಸಾಲ್ ಎಂಬ ಇನ್ನೊಂದು. ಎದೆಬಡಿತ ಏರುತ್ತದೆ. ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಹೆಗಲು, ತೊಡೆ, ದವಡೆ ಬಿಗಿಯುತ್ತವೆ. ಹೊಟ್ಟೆ ಅರಗಿಸುವ ಕೆಲಸವನ್ನು ಪಕ್ಕಕ್ಕಿಡುತ್ತದೆ. ಹುಲಿ ಎದುರಾದರೆ ಓಡುವುದಕ್ಕೋ ಹೊಡೆದಾಡುವುದಕ್ಕೋ ಮೈ ಮಾಡಿಕೊಳ್ಳುವ ತಯಾರಿ ಇದು. ನಮ್ಮ ಹುಲಿಗಳೆಲ್ಲ ಬನ್ನೇರುಘಟ್ಟದಲ್ಲಿ ಬೇಲಿಯೊಳಗಿವೆ, ಎದುರಾಗುವುದು ಇಮೇಲು. ಓಡಲು ಸಜ್ಜಾದ ಕಾಲು ಕ್ಲಚ್ ಮೇಲೆ ಕೂತಿರುತ್ತದೆ.

ತಯಾರಾದ ಮೈಗೆ ಕೆಲಸ ಕೊಟ್ಟರೆ ಸ್ನಾಯುಗಳು ಆ ಸಕ್ಕರೆಯನ್ನು ಉರಿಸುತ್ತವೆ, ಉಸಿರು ಆಳಕ್ಕೆ ಹೋಗುತ್ತದೆ, ನಿಲ್ಲಿಸಿದ ಮೇಲೆ ಎದೆಬಡಿತ ತಾನಾಗಿ ಇಳಿಯುತ್ತದೆ, ಬಿಗಿದದ್ದು ಸಡಿಲಾಗುತ್ತದೆ. ಎಲ್ಲವೂ ‘ಎಂಡಾರ್ಫಿನ್’ ಎಂಬ ಒಂದೇ ರಾಸಾಯನಿಕದ ಪವಾಡ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ಪೂರ್ತಿ ನಂಬಬೇಡಿ, ಅಷ್ಟು ಸಲೀಸಾಗಿ ಮೈ ನಡೆಯುವುದಿಲ್ಲ. ನಮಗೆ ಬೇಕಾದ ವಿಷಯ ಒಂದೇ: ಸಜ್ಜಾದ ಮೈಯನ್ನು ಸಜ್ಜಾದ ದಿನವೇ, ಆದಷ್ಟು ಬೇಗ ದುಡಿಸಬೇಕು. ಸೋಮವಾರದ ಸಿಟ್ಟನ್ನು ಭಾನುವಾರದ ಟ್ರೆಕ್ಕಿಂಗಿಗೆ ಎತ್ತಿಟ್ಟರೆ ನಡುವಿನ ಆರು ರಾತ್ರಿ ಹಲ್ಲು ಕಡಿಯುವುದು ತಪ್ಪುವುದಿಲ್ಲ.

ಹಂತ 1: ಎಲ್ಲಿ ಬಿಗಿಯುತ್ತದೆ, ಯಾವಾಗ ಬಿಗಿಯುತ್ತದೆ

ಮೂರು ದಿನ ಏನನ್ನೂ ಬದಲಿಸಬೇಡಿ. ಫೋನಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಎಂಟಕ್ಕೆ ಅಲಾರಂ ಇಡಿ. ಹೊಡೆದಾಗ ಮೈಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಹಲ್ಲಿಗೆ ಹಲ್ಲು ಕಚ್ಚಿದೆಯೇ? ಹೆಗಲು ಕಿವಿಯ ಹತ್ತಿರ ಬಂದಿದೆಯೇ? ಹೊಟ್ಟೆ ಗಟ್ಟಿಯಾಗಿದೆಯೇ? ಒಂದೊಂದು ಪದ ಬರೆದಿಟ್ಟರೆ ಸಾಕು. ನನ್ನ ಚೀಟಿಯಲ್ಲಿ ಮೂರು ದಿನವೂ ರಾತ್ರಿ ಎಂಟರ ಎದುರು ‘ದವಡೆ’ ಎಂದಿತ್ತು. ಆಫೀಸಿನಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಅಡುಗೆಮನೆಯಲ್ಲಿ, ಒಗ್ಗರಣೆ ಹಾಕುವಾಗ.

ಇದೇ ಮೂರು ದಿನದಲ್ಲಿ ಇನ್ನೊಂದು ಕೆಲಸ ಮುಗಿಸಿ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಮಂಡಿ ಅಥವಾ ಬೆನ್ನಿನ ಹಳೆಯ ಪೆಟ್ಟು ಇರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಒಂದು ಮಾತು ಕೇಳಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಇರಲಿ. ನಡೆಯುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಕೂರುವುದು ಬೇಡ.

ಹಂತ 2: ಜಾಗ ಹುಡುಕುವ ಮೊದಲು ಹೊತ್ತು ಹುಡುಕಿ

ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಆಗುವವರು ಮಾಡಲಿ, ನನ್ನ ತಕರಾರಿಲ್ಲ. ಡಬ್ಬಿ ಕಟ್ಟಿ, ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿ, ಎಂಟೂವರೆಗೆ ಹೊರಡುವ ಮನೆಯಲ್ಲಿ ಆ ಐದು ಗಂಟೆ ಎರಡನೇ ವಾರಕ್ಕೆ ಆರಾಗುತ್ತದೆ, ಮೂರನೇ ವಾರಕ್ಕೆ ಇಲ್ಲವಾಗುತ್ತದೆ. ಜೊತೆಗೆ, ಒತ್ತಡ ಇನ್ನೂ ಹುಟ್ಟದ ಹೊತ್ತು ಅದು.

ನನ್ನ ಮಟ್ಟಿಗೆ ಸರಿಯಾದ ಹೊತ್ತು ಆಫೀಸಿಗೂ ಮನೆಗೂ ನಡುವೆ ಇದೆ. ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಸೌತ್ ಎಂಡ್ ಸರ್ಕಲ್‌ನಲ್ಲಿ ಇಳಿಯಬೇಕಾದ ನಾನು ಅದರ ಹಿಂದಿನ ಲಾಲ್‌ಬಾಗ್ ಸ್ಟೇಷನ್ನಿನಲ್ಲೇ ಇಳಿಯುತ್ತೇನೆ. ಅಲ್ಲಿಂದ ಆರ್.ವಿ. ರಸ್ತೆ ಹಿಡಿದು ನಡಿಗೆ. ಮೆಟ್ರೊ ಕಟ್ಟುವಾಗ ಈ ರಸ್ತೆಯ ನಡುವಿನ ಮರಗಳು ಹೋದವು. ಈಗ ಕಂಬಗಳ ನೆರಳು. ಆದರೂ ಅಡ್ಡರಸ್ತೆಗೆ ತಿರುಗಿದರೆ ಹೊಂಗೆಯ ತಂಪು ಸಿಗುತ್ತದೆ. ಸುತ್ತು ಹಾಕಿಕೊಂಡು ಮನೆ ಸೇರಲು ಇಪ್ಪತ್ತೈದು ನಿಮಿಷ.

ಬಸ್ಸಿನವರು ಒಂದೆರಡು ಸ್ಟಾಪ್ ಮೊದಲೇ ಇಳಿಯಬಹುದು. ಸ್ಕೂಟರಿನವರು ಮನೆ ಮುಂದೆ ಗಾಡಿ ನಿಲ್ಲಿಸಿ, ಬೀಗ ತೆಗೆಯದೆ, ಹಾಗೆಯೇ ಹತ್ತಿರದ ಪಾರ್ಕಿಗೆ ಎರಡು ಸುತ್ತು ಹೋಗಿ ಬರಬೇಕು. ಒಳಗೆ ಕಾಲಿಟ್ಟು ಸೋಫಾ ಮೇಲೆ ಕೂತಿರೋ, ಮುಗಿಯಿತು. ಮನೆಯಿಂದಲೇ ಕೆಲಸ ಮಾಡುವವರಿಗೆ ಈ ನಡುವಿನ ದಾರಿಯೇ ಇಲ್ಲದಿರುವುದು ದೊಡ್ಡ ಕೊರತೆ. ಅವರು ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಚಪ್ಪಲಿ ಮೆಟ್ಟಿ ಹೊರಟು, ಹಾಲು ತರುವ ನೆಪದಲ್ಲಾದರೂ ಇಪ್ಪತ್ತು ನಿಮಿಷ ಕಳೆದು ಬಂದರೆ ಆಫೀಸಿನಿಂದ ಮನೆಗೆ ಬಂದಂತಾಗುತ್ತದೆ.

ಹಂತ 3: ನಡೆಯುವ ಬಗೆ

ಶುರುವಿನಲ್ಲಿ ನಾನು ದಾಪುಗಾಲು ಹಾಕಿ, ಕೈಚೀಲವನ್ನು ಎದೆಗವಚಿಕೊಂಡು, ಮನಸ್ಸಿನಲ್ಲೇ ಯಾರಿಗೋ ಉತ್ತರ ಕೊಡುತ್ತಾ ನಡೆಯುತ್ತಿದ್ದೆ. ನಮ್ಮ ಕಡೆಯ ಪಾರ್ಕಿನಲ್ಲಿ ದಿನಾ ಕಲ್ಲುಬೆಂಚಿನ ಮೇಲೆ ಕೂರುವ ಹಿರಿಯರೊಬ್ಬರು ಒಂದು ದಿನ ಕರೆದು ಕೇಳಿದರು: “ಏನಮ್ಮಾ, ವಾಕಿಂಗ್ ಮಾಡ್ತಿದ್ದೀಯೋ, ಯಾರ ಮನೆಗಾದ್ರೂ ಜಗಳಕ್ಕೆ ಹೊರಟಿದ್ದೀಯೋ?”

“ವಾಕಿಂಗೇ ಅಂಕಲ್,” ಎಂದೆ.

“ಮತ್ತೆ ಮುಷ್ಟಿ ಯಾಕೆ?”

ನೋಡಿಕೊಂಡರೆ ಎಡಗೈ ಉಗುರು ಅಂಗೈಗೆ ಅಚ್ಚೊತ್ತಿತ್ತು.

ಅಂದಿನಿಂದ ಕ್ರಮ ಹೀಗಿದೆ. ಚೀಲ ಬೆನ್ನಿಗೆ, ಎರಡೂ ಕೈ ಖಾಲಿ, ಬೆರಳು ಸಡಿಲ. ಮೊದಲ ಐದು ನಿಮಿಷ ತರಕಾರಿ ನೋಡಿಕೊಂಡು ಹೋಗುವವರ ಹಾಗೆ ನಿಧಾನ. ಆಮೇಲೆ ವೇಗ ಹೆಚ್ಚಿಸಿ. ಎಷ್ಟು ಎನ್ನುವುದಕ್ಕೆ ಗಡಿಯಾರ ಬೇಡ: ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಹೊರಟರೆ ಉಸಿರು ಸಾಲಬಾರದು. ಅದು ಮಧ್ಯಮ ವೇಗ. ಬಾಯಿಂದ ಎರಡು ಮಾತೂ ಹೊರಡದಿದ್ದರೆ ಅತಿಯಾಯಿತು, ಇಳಿಸಿ. ಕೊನೆಯ ಐದು ನಿಮಿಷ ಮತ್ತೆ ನಿಧಾನ.

ನಡುವೆ ಉಸಿರನ್ನು ಹೆಜ್ಜೆಗೆ ಕಟ್ಟಿ. ಮೂರು ಹೆಜ್ಜೆಗೆ ಒಳಗೆ, ಐದು ಹೆಜ್ಜೆಗೆ ಹೊರಗೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುವುದು ಮೈಯ ಸ್ವಭಾವ, ಹಾಗಾಗಿ ಬಿಡುವುದು ಉದ್ದವಿರಲಿ. ಎಣಿಕೆಗೆ ಇನ್ನೊಂದು ಉಪಯೋಗವಿದೆ. ‘ಒಂದು, ಎರಡು, ಮೂರು’ ಎನ್ನುವ ತಲೆಗೆ ‘ಅವನು ಹಾಗಂದನಲ್ಲ’ ಎಂದುಕೊಳ್ಳಲು ಪುರಸೊತ್ತಿರುವುದಿಲ್ಲ. ದಿಕ್ಕು ತಪ್ಪುತ್ತದೆ, ನೂರು ಸಲ ತಪ್ಪುತ್ತದೆ, ಮತ್ತೆ ಒಂದರಿಂದ.

ಫೋನು ಚೀಲದೊಳಗೆ. ಆಫೀಸ್ ಕಾಲ್ ಮಾಡುತ್ತಾ ಪಾರ್ಕ್ ಸುತ್ತುವವರನ್ನು ಬೆಂಗಳೂರಿನ ಎಲ್ಲ ಬಡಾವಣೆಯಲ್ಲೂ ನೋಡುತ್ತೇನೆ. ಅವರ ಕಾಲಿಗೆ ವ್ಯಾಯಾಮ ಆಗುತ್ತಿದೆ, ದವಡೆಗೆ ಆಗುತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷದ ಬಿರುಸಿನ ಚಟುವಟಿಕೆ ಸಾಕು ಎನ್ನುತ್ತದೆ. ದಿನಕ್ಕೆ ಇಪ್ಪತ್ತೈದು ನಿಮಿಷದಂತೆ ಆರು ದಿನ ನಡೆದರೆ 150. ಇಷ್ಟೇ ಹೊತ್ತು ಒಂದೇ ಸಮನೆ ನಡೆಯಬೇಕೆಂಬ ನಿಯಮವಿಲ್ಲ. ಹತ್ತು, ಐದು ನಿಮಿಷದ ಚೂರುಗಳೂ ಲೆಕ್ಕಕ್ಕೆ ಸೇರುತ್ತವೆ. ಲೆಕ್ಕದವಳಾದ ನನಗೆ ಇದು ಬಹಳ ಹಿಡಿಸಿದ ಸಾಲು.

ಹಂತ 4: ಆಫೀಸಿನಲ್ಲೇ ಏರಿದಾಗ

ಸಂಜೆವರೆಗೆ ಕಾಯಲಾಗದ ಗಳಿಗೆಗಳಿರುತ್ತವೆ. ಒಂದು ಇಮೇಲ್ ಬಂದು ಕಿವಿ ಬಿಸಿಯಾಗುತ್ತದೆ. ಉತ್ತರ ಬರೆಯುವ ಮೊದಲು ಮೆಟ್ಟಿಲಿಗೆ ಹೋಗಿ. ಎರಡು ಮಹಡಿ ಹತ್ತಿ, ಇಳಿದು, ನೀರು ಕುಡಿದು ಬಂದು ಕೂತರೆ ಬರೆಯುವ ಉತ್ತರದಲ್ಲಿ ಎರಡು ವಾಕ್ಯ ಕಡಿಮೆಯಾಗಿರುತ್ತವೆ, ಆ ಎರಡೂ ಬೇಡದವೇ ಆಗಿರುತ್ತವೆ. ಮೆಟ್ಟಿಲ ಮಾತು ಬಂದಾಗ ಒಂದು ಹಳೆಯ ಸಂಗತಿ. ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಗಮನಿಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂತೇ ಇರುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಕಂಡಿತ್ತು. ಅದು ಹೃದಯದ ಲೆಕ್ಕ, ಒತ್ತಡದ್ದಲ್ಲ. ಆದರೂ ಮೆಜೆಸ್ಟಿಕ್ ಸ್ಟೇಷನ್ನಿನ ಎಸ್ಕಲೇಟರ್ ಮುಂದಿನ ಸಾಲನ್ನು ಕಂಡಾಗಲೆಲ್ಲ ಆ ಕಂಡಕ್ಟರುಗಳು ನೆನಪಾಗುತ್ತಾರೆ.

ಮೆಟ್ಟಿಲಿಲ್ಲದಿದ್ದರೆ ಬಸ್ಕಿ. ನಾವೆಲ್ಲ ಇದನ್ನು ಕಲಿತದ್ದು ಗರಡಿಮನೆಯಲ್ಲಲ್ಲ, ಮೇಷ್ಟ್ರು ಕಿವಿ ಹಿಡಿಸಿ ಹೊಡೆಸಿದಾಗ. ಇಲ್ಲವೇ ಪರೀಕ್ಷೆಯ ಮುಂಚೆ ಬಸವನಗುಡಿಯ ದೊಡ್ಡ ಗಣಪತಿಯ ಎದುರು. ಹಾಗಾಗಿ ಶಿಕ್ಷೆಯ ನೆನಪು ಅಂಟಿಕೊಂಡಿದೆ. ಕಾಲು ಭುಜದಷ್ಟು ಅಗಲಕ್ಕೆ ಇಡಿ. ಹಿಂದೆ ಕುರ್ಚಿ ಇದೆ, ಕೂರಬೇಕು ಎನ್ನುವಂತೆ ಸೊಂಟವನ್ನು ಹಿಂದಕ್ಕೆ ತಳ್ಳಿ ಇಳಿಯಿರಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಮುಖವಾಗಿ ಬಾಗಬಾರದು. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಮಂಡಿ ನೋವಿದ್ದರೆ ನಿಜವಾಗಿಯೂ ಕುರ್ಚಿ ಇಟ್ಟುಕೊಂಡು ಕೂತು ಏಳಿ, ಅಥವಾ ಅರ್ಧಕ್ಕೇ ನಿಲ್ಲಿಸಿ. ಹತ್ತು ಮಾಡಿ, ಅರ್ಧ ನಿಮಿಷ ಬಿಟ್ಟು ಇನ್ನು ಹತ್ತು. ತೊಡೆಯದು ಮೈಯ ದೊಡ್ಡ ಸ್ನಾಯು, ಕೆಲಸ ಬೇಡುತ್ತಿರುವುದೂ ಅದೇ.

ಮೀಟಿಂಗಿನ ನಡುವೆ ಎದ್ದು ಹೋಗಲಾಗದಿದ್ದರೆ ಮೇಜಿನ ಕೆಳಗೆ ಮಾಡುವ ಗುಟ್ಟಿನ ಉಪಾಯವೊಂದಿದೆ. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಕ್ರಮದ ಪುಟ್ಟ ರೂಪ ಇದು. ಕಾಲ್ಬೆರಳನ್ನು ಮಡಿಚಿ ಐದು ಎಣಿಸುವವರೆಗೆ ಬಿಗಿ ಹಿಡಿಯಿರಿ, ಒಮ್ಮೆಲೇ ಬಿಡಿ. ಹದಿನೈದು ಎಣಿಸುವವರೆಗೆ ಆ ಸಡಿಲವನ್ನು ಗಮನಿಸಿ. ಆಮೇಲೆ ತೊಡೆ, ಆಮೇಲೆ ಮುಷ್ಟಿ, ಕೊನೆಗೆ ಹೆಗಲು. ಉಸಿರು ಕಟ್ಟಬೇಡಿ, ಬಿಪಿ ಇರುವವರಂತೂ ಖಂಡಿತ ಬೇಡ. ಬಿಗಿ ಹಿಡಿದು ಬಿಟ್ಟಾಗಲೇ ‘ಅಯ್ಯೋ, ಇಷ್ಟು ಹೊತ್ತೂ ಹೀಗೇ ಹಿಡಿದಿದ್ದೆನಲ್ಲ’ ಎಂದು ಗೊತ್ತಾಗುವುದು. ಸಿಗ್ನಲ್ಲಿನಲ್ಲಿ ನಿಂತಾಗಲೂ ಹೆಗಲಿಗೆ ಇದನ್ನು ಮಾಡಬಹುದು. ಕೆಂಪು ದೀಪಕ್ಕೆ ನಮ್ಮೂರಲ್ಲಿ ಬರವಿಲ್ಲ.

ಹಂತ 5: ವಾರಕ್ಕೆ ಎರಡು ದಿನ ಬಲದ ಕೆಲಸ

ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಚಟುವಟಿಕೆ ಇರಲಿ ಎನ್ನುತ್ತದೆ. ಬಸ್ಕಿ ಜೊತೆ ಗೋಡೆಗೆ ಕೈ ಕೊಟ್ಟು ತಳ್ಳುವ ದಂಡ ಹತ್ತು ಹತ್ತರಂತೆ ಎರಡು ಸಲ ಮಾಡಿದರೆ ಶುರುವಿಗೆ ಆಯಿತು. ಪಾಲಿಕೆಯ ಪಾರ್ಕುಗಳಲ್ಲಿ ಈಗ ಕಬ್ಬಿಣದ ವ್ಯಾಯಾಮ ಸಾಧನಗಳನ್ನು ನೆಟ್ಟಿದ್ದಾರೆ. ಮಕ್ಕಳು ಜೋಕಾಲಿ ಮಾಡಿಕೊಳ್ಳದ ಹೊತ್ತಿನಲ್ಲಿ ಅವೂ ಆಗುತ್ತವೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ನಮ್ಮತ್ತೆಯೇ ಕೇಳಿದ್ದು: “ಕಸ ಗುಡಿಸು, ನೆಲ ಒರೆಸು, ಅದಕ್ಕಿಂತ ವ್ಯಾಯಾಮ ಬೇಕೇನಮ್ಮಾ?” ಮೈಯ ಲೆಕ್ಕದಲ್ಲಿ ಮನೆಗೆಲಸವೂ ಚಟುವಟಿಕೆಯೇ, ಅತ್ತೆ ಹೇಳಿದ್ದು ತಪ್ಪಲ್ಲ. ಆದರೆ ಒಂಬತ್ತು ಗಂಟೆಯೊಳಗೆ ಮುಗಿಯಲೇಬೇಕು ಎಂದು ಒರೆಸುವ ನೆಲ ದವಡೆಯನ್ನು ಇನ್ನಷ್ಟು ಬಿಗಿಸುತ್ತದೆ. ಯಾರೂ ಕಾಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಇಪ್ಪತ್ತು ನಿಮಿಷ ಬೇರೆಯೇ ಬೇಕು. ಇದನ್ನು ಅತ್ತೆಗೆ ಹೇಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಈಗ ಅವರೇ ಸಂಜೆ ಗೆಳತಿಯರ ಜೊತೆ ಪಾರ್ಕಿಗೆ ಹೊರಡುತ್ತಾರೆ.

ಹಂತ 6: ಭಾನುವಾರ ಆಟಕ್ಕಿರಲಿ

ಕಬ್ಬನ್ ಪಾರ್ಕಿನೊಳಗಿನ ರಸ್ತೆಗಳಲ್ಲಿ ಭಾನುವಾರ ವಾಹನ ಬಿಡುವುದಿಲ್ಲ. ಬಿದಿರು ಮೆಳೆಯ ಹತ್ತಿರ ಮಕ್ಕಳು ಸ್ಕೇಟಿಂಗ್ ಮಾಡುತ್ತಿರುತ್ತಾರೆ, ದೊಡ್ಡವರು ಶಟಲ್ ಆಡುತ್ತಿರುತ್ತಾರೆ. ದಕ್ಷಿಣದವರಿಗೆ 240 ಎಕರೆಯ ಲಾಲ್‌ಬಾಗ್ ಇದೆ. ಕೆಂಪೇಗೌಡ ಗೋಪುರವಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ಹತ್ತಿ ಇಳಿಯುವುದು ತೊಡೆಗೆ ಒಳ್ಳೆಯ ಪಾಠ, ಮಳೆ ಬಿದ್ದ ದಿನ ಮಾತ್ರ ಜಾರುತ್ತದೆ. ಮಲ್ಲೇಶ್ವರ, ಸದಾಶಿವನಗರದವರಿಗೆ 1882ರ ಸ್ಯಾಂಕಿ ಕೆರೆಯ ದಂಡೆ. ಆಟ ಸಿಕ್ಕರೆ ನಡಿಗೆಗಿಂತ ಆಟವೇ ಲೇಸು. ಲಗೋರಿಯ ಚೆಂಡು ಬೆನ್ನಿಗೆ ಬರುತ್ತಿರುವಾಗ ಯಾರಿಗೂ ಜಿಎಸ್‌ಟಿ ನೆನಪಾಗುವುದಿಲ್ಲ.

ಕೈಗಡಿಯಾರದ ಹೆಜ್ಜೆ ಲೆಕ್ಕದ ಬಗ್ಗೆ ಎಚ್ಚರ. ನಮ್ಮ ಆಫೀಸಿನಲ್ಲಿ ಗುಂಪು ಮಾಡಿಕೊಂಡು ಯಾರದು ಎಷ್ಟು ಸಾವಿರ ಹೆಜ್ಜೆ ಎಂದು ಹಾಕಲು ಶುರು ಮಾಡಿದರು. ಮೂರನೇ ವಾರ ನಾನು ರಾತ್ರಿ ಹನ್ನೊಂದಕ್ಕೆ ಹಾಲಿನಲ್ಲಿ ಸುತ್ತುತ್ತಿದ್ದೆ. ಗುಂಪು ಬಿಟ್ಟೆ.

ಹಂತ 7: ಮಳೆ, ಚಪ್ಪಡಿ, ಕತ್ತಲು

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು, ಸೆಪ್ಟೆಂಬರ್–ಅಕ್ಟೋಬರ್ ಮಳೆ ಸರಿಯಾಗಿ ನಮ್ಮ ನಡಿಗೆಯ ಹೊತ್ತಿಗೇ ಬರುತ್ತವೆ. ಗುಡುಗುವಾಗ ಮರದಡಿ ನಿಲ್ಲಬೇಡಿ, ಹೊರಗೆ ಹೋಗಲೂ ಬೇಡಿ. ಅಂಥ ದಿನಕ್ಕೆ ಸೂರ್ಯ ನಮಸ್ಕಾರ ಇಟ್ಟುಕೊಳ್ಳಿ: ಹನ್ನೆರಡು ಭಂಗಿಗಳ ಒಂದು ಸುತ್ತು, ನಿಧಾನವಾಗಿ ನಾಲ್ಕರಿಂದ ಶುರು ಮಾಡಿ ಹನ್ನೆರಡಕ್ಕೆ ಏರಿಸಬಹುದು. ಊಟವಾದ ಮೇಲೆ ಬೇಡ.

ಫುಟ್‌ಪಾತಿನ ಸಡಿಲ ಚಪ್ಪಡಿಗೆ ಕಾಲಿಟ್ಟು ನಾನು ಒಮ್ಮೆ ಮೂರು ವಾರ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡಿದ್ದೇನೆ. ಆಫೀಸ್ ಚಪ್ಪಲಿಯಲ್ಲಿ ನಡೆದದ್ದು ನನ್ನ ತಪ್ಪು. ಈಗ ಚೀಲದಲ್ಲಿ ಒಂದು ಜೊತೆ ಶೂ ಇರುತ್ತದೆ, ಸ್ಟೇಷನ್ನಿನಲ್ಲೇ ಬದಲಿಸುತ್ತೇನೆ. ಹೆಣ್ಣುಮಕ್ಕಳು ಅಂಗಡಿ ಸಾಲಿನ, ದೀಪವಿರುವ ದಾರಿಯನ್ನೇ ಹಿಡಿಯಿರಿ. ಹತ್ತಿರದ ದಾರಿ ಕತ್ತಲಾಗಿದ್ದರೆ ದೂರದ್ದೇ ಸರಿ, ಐದು ನಿಮಿಷ ಹೆಚ್ಚು ನಡೆದಂತಾಯಿತು. ಮಲಗುವ ಒಂದು ಗಂಟೆ ಮುಂಚೆ ಬಿರುಸಿನ ವ್ಯಾಯಾಮ ಬೇಡ.

ನಡಿಗೆಗೆ ಬಗ್ಗದಿದ್ದರೆ

ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಕಾರಣವಿಲ್ಲದೆ ಎದೆ ಡವಗುಟ್ಟಿ ಕೈ ನಡುಗುತ್ತಿದ್ದರೆ, ಇನ್ನೂ ನಾಲ್ಕು ಸುತ್ತು ಹೆಚ್ಚು ನಡೆಯುತ್ತೇನೆ ಎಂದು ಹಟ ಮಾಡಬೇಡಿ. ವೈದ್ಯರ ಹತ್ತಿರ ಹೋಗಿ. ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯುವುದು ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಡಿಗೆ ಶುರುವಾಯಿತೆಂದು ಮಾತ್ರೆ ನಿಲ್ಲಿಸಕೂಡದು.

ಮೊದಲ ವಾರಕ್ಕೆ ಇಷ್ಟು ಮಾತ್ರ

ಸೋಮ, ಮಂಗಳ, ಬುಧ ಅಲಾರಂ ಮತ್ತು ಚೀಟಿ. ಗುರುವಾರ ಶೂ ಚೀಲಕ್ಕೆ ಸೇರಲಿ, ಒಂದು ಸ್ಟಾಪ್ ಮೊದಲು ಇಳಿದು ಹತ್ತು ನಿಮಿಷ ನಡೆಯಿರಿ. ಶುಕ್ರವಾರವೂ ಅಷ್ಟೇ, ಜೊತೆಗೆ ಹತ್ತು ಬಸ್ಕಿ. ಶನಿವಾರ ಬಿಡುವು. ಭಾನುವಾರ ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಯಾವುದಾದರೂ ಕೆರೆ ದಂಡೆಗೆ. ಗುರುವಾರ ಮಳೆ ಬಂದರೆ ಶುಕ್ರವಾರ ಶುರು ಮಾಡಿ.